ರೋಬೋಟಿಗೆ ಪಿವಿಸಿ ಹಾಳೆ, ದೆವ್ವಕ್ಕೆ ರದ್ದಿ ಕಾಗದ

1977ರ ‘ಸ್ಟಾರ್ ವಾರ್ಸ್’ ಚಿತ್ರದ ಆರ್‌ಟು-ಡಿಟು ರೋಬೋಟನ್ನು ಅದೇ ಅಳತೆಯಲ್ಲಿ ಮನೆಯಲ್ಲೇ ಕಟ್ಟುವ ಹವ್ಯಾಸಿಗಳು ಹಲವು ದೇಶಗಳಲ್ಲಿದ್ದಾರೆ. ಎತ್ತರ ಸುಮಾರು 1.1 ಮೀಟರ್, ದುಂಡನೆಯ ಮೈ, ಮೇಲೆ ಗುಮ್ಮಟದಂಥ ತಲೆ, ಬದಿಗೆ ಎರಡು ಕಾಲು, ಬೇಕಾದಾಗ ಮುಂದೆ ಚಾಚುವ ಮೂರನೆಯದು. ಚಿತ್ರದಲ್ಲಿ ಅದರೊಳಗೆ ಕೆನ್ನಿ ಬೇಕರ್ ಎಂಬ ನಟ ಕುಳಿತಿದ್ದರು. ಮನೆಯಲ್ಲಿ ಕಟ್ಟಿದ್ದರೊಳಗೆ ಬ್ಯಾಟರಿ ಕೂರಬೇಕು. ಕೈಯಲ್ಲಿ ಹಣವಿದ್ದವರು ಅಲ್ಯೂಮಿನಿಯಂನಲ್ಲೇ ಮಾಡಿಸುತ್ತಾರೆ. ನಾನು ಹುಬ್ಬಳ್ಳಿಯ ವಿದ್ಯಾನಗರದ ಮನೆಯ ಮಾಳಿಗೆಯ ಮೇಲೆ 3ಡಿ ಮುದ್ರಣ (ಪ್ಲಾಸ್ಟಿಕ್ ಕರಗಿಸಿ ಪದರ ಪದರವಾಗಿ ವಸ್ತು ಕಟ್ಟುವುದು), ಫೈಬರ್‌ಗ್ಲಾಸ್ (ರಾಳದಲ್ಲಿ ಗಟ್ಟಿಗೊಳಿಸಿದ ಗಾಜಿನ ನೂಲು), ಪಿವಿಸಿ ಫೋಮ್ ಹಾಳೆ ಮೂರನ್ನೂ ಬಳಸಿ ನೋಡಿದ್ದೇನೆ. ಅದೇ ಮಾಳಿಗೆಯಲ್ಲಿ ಅಕ್ಟೋಬರ್ ಬಂತೆಂದರೆ ಓಣಿಯ ಮಕ್ಕಳ ಹ್ಯಾಲೋವೀನಿಗಾಗಿ, ಅಂದರೆ ಅಕ್ಟೋಬರ್ 31ರ ರಾತ್ರಿಯ ದೆವ್ವ-ಭೂತಗಳ ಹಬ್ಬಕ್ಕಾಗಿ, ದೆವ್ವಗಳೂ ತಯಾರಾಗುತ್ತವೆ. ಎರಡೂ ಕೆಲಸಕ್ಕೆ ಒಂದೇ ಸಾಮಗ್ರಿ ಹೊಂದುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕೇಳಿದವರಿಗೆಲ್ಲ ‘3ಡಿ ಪ್ರಿಂಟರ್ ಕೊಂಡುಬಿಡಿ’ ಎಂದು ಸಲಹೆ ಕೊಡುವವರು ಈಚೆಗೆ ಹೆಚ್ಚಾಗಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಆ ಪ್ರಿಂಟರಿನಿಂದಲೇ ಆರಂಭಿಸೋಣ. ರೋಬೋಟಿನ ಕಣ್ಣಿನ ಸುತ್ತಲ ಕಟ್ಟು, ಎದೆಯ ಮೇಲಿನ ಸಣ್ಣ ಜಾಲರಿ, ಗುಂಡಿಗಳು ಇವುಗಳಿಗೆ 3ಡಿ ಮುದ್ರಣವನ್ನು ಮೀರಿಸಿದ್ದು ಇಲ್ಲ. ಆದರೆ ಇಡೀ ಮೈಯನ್ನು ಅದರಲ್ಲೇ ಮಾಡಹೊರಟರೆ ಲೆಕ್ಕ ಕೆಡುತ್ತದೆ. ಮೈಯ ವ್ಯಾಸ ಸುಮಾರು 46 ಸೆಂ.ಮೀ. ಸಾಮಾನ್ಯ ಪ್ರಿಂಟರಿನಲ್ಲಿ ವಸ್ತು ಮೂಡುವ ಬಿಸಿ ಹಾಸು 22 ಸೆಂ.ಮೀ. ಹಾಗಾಗಿ ಒಂದೊಂದು ಸುತ್ತನ್ನೂ ಆರೆಂಟು ತುಂಡು ಮಾಡಿ ಮುದ್ರಿಸಬೇಕು, ಅಂಟಿಸಬೇಕು, ಪುಟ್ಟಿ ತುಂಬಬೇಕು, ಉಜ್ಜಬೇಕು. ರಾತ್ರಿಯಿಡೀ ಓಡುವ ಯಂತ್ರಕ್ಕೆ ನಡುವೆ ಕರೆಂಟ್ ಹೋದರೆ ಮತ್ತೆ ಅಲ್ಲಿಂದಲೇ ಮುಂದುವರಿಸುವ ಸೌಲಭ್ಯವೇನೋ ಇದೆ. ಅಷ್ಟರಲ್ಲಿ ಹಾಸು ತಣ್ಣಗಾಗಿ ವಸ್ತು ಕಿತ್ತುಕೊಂಡಿದ್ದರೆ ಆ ಸೌಲಭ್ಯದಿಂದ ಉಪಯೋಗವಿಲ್ಲ. ಇನ್ನೊಂದು ತೊಂದರೆ ಬಿಸಿಲಿನದು. ಹೆಚ್ಚಿನವರು ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಧಾರವಾಡದಲ್ಲಿ ಕಾರು ನಿಲ್ಲಿಸಿ ಕಿಟಕಿ ಮುಚ್ಚಿಹೋದರೆ ಒಳಗಿರುವ ರೋಬೋಟಿನ ಕಾಲು ಸೊಟ್ಟಗಾಗಲು ಬೇರೆ ಕಾರಣ ಬೇಕಿಲ್ಲ.

ಫೈಬರ್‌ಗ್ಲಾಸ್ ಗಟ್ಟಿ, ಹಗುರ, ಬಿಸಿಲಿಗೆ ಅಂಜುವುದಿಲ್ಲ. ಆದರೆ ಮೊದಲು ಮಾದರಿ, ಮಾದರಿಯ ಮೇಲೆ ಅಚ್ಚು, ಅಚ್ಚಿನೊಳಗೆ ವಸ್ತು, ಹೀಗೆ ಮೂರು ಸಲ ದುಡಿದು ಒಂದು ಪಡೆಯಬೇಕು. ನಾಲ್ಕೈದು ಗೆಳೆಯರು ಸೇರಿ ಕಟ್ಟುವುದಾದರೆ ಸರಿ, ಒಬ್ಬನಿಗೆ ದಂಡ. ರಾಳದ ಸ್ಟೈರೀನ್ ವಾಸನೆಗೆ ಕೆಳಗಿನ ಮನೆಯವರೂ ಮೂಗು ಮುಚ್ಚಿಕೊಳ್ಳುತ್ತಾರೆ. ಗಾಜಿನ ನೂಲು ಚರ್ಮಕ್ಕೆ ಹತ್ತಿದರೆ ತುರಿಕೆ ಸ್ನಾನಕ್ಕೂ ಬಗ್ಗುವುದಿಲ್ಲ. ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ರಾಳದ ಜೊತೆ ಕೊಡುವ ಕೋಬಾಲ್ಟ್ ದ್ರಾವಣ ಮತ್ತು ಗಟ್ಟಿಗೊಳಿಸುವ ದ್ರವ ಇವೆರಡನ್ನು ಎಂದಿಗೂ ನೇರವಾಗಿ ಬೆರೆಸಬಾರದು, ಬೆಂಕಿ ಹೊತ್ತಿ ಸಿಡಿಯಬಹುದು. ಮೊದಲು ಒಂದನ್ನು ರಾಳದಲ್ಲಿ ಪೂರ್ತಿ ಕಲಸಿ, ಆಮೇಲೆ ಇನ್ನೊಂದು.

ಪಿವಿಸಿ ಫೋಮ್ ಹಾಳೆಯನ್ನು ಅಂಗಡಿಗಳ ಫಲಕ ಮಾಡುವವರು ದಿನವೂ ಕೊಯ್ಯುತ್ತಿರುತ್ತಾರೆ, ಎಂಟಡಿ-ನಾಲ್ಕಡಿ ಅಳತೆಯದು. 46 ಸೆಂ.ಮೀ. ವ್ಯಾಸಕ್ಕೆ ಸುತ್ತಳತೆ ಸುಮಾರು 145 ಸೆಂ.ಮೀ. ಅಂದರೆ 3 ಮಿ.ಮೀ. ಹಾಳೆಯನ್ನು ಉದ್ದಕ್ಕೆ ಬಳಸಿದರೆ ನಡುವೆ ಎಲ್ಲೂ ಜೋಡಣೆಯಿಲ್ಲದೆ ಮೈಯ ಪೂರ್ತಿ ಸುತ್ತು ಬರುತ್ತದೆ. ಈ ಒಂದೇ ಗುಣಕ್ಕೆ ನಾನು ಅದಕ್ಕೆ ಮೊದಲ ಸ್ಥಾನ ಕೊಡುತ್ತೇನೆ. ಒಳಗೆ ಪ್ಲೈವುಡ್ಡಿನ ಉಂಗುರಗಳನ್ನಿಟ್ಟು, ಬಿಸಿಗಾಳಿ ಗನ್ನಿನಿಂದ ಹಾಳೆಯನ್ನು ಸ್ವಲ್ಪ ಕಾಯಿಸುತ್ತ ಸುತ್ತಿದರೆ ಬಾಗಿ ನಿಲ್ಲುತ್ತದೆ. ಕಟರ್ ಸಾಕು, ಗರಗಸ ಬೇಡ. ಫೆವಿಕ್ವಿಕ್‌ನಂಥ ಅಂಟು ಕ್ಷಣದಲ್ಲಿ ಹಿಡಿಯುತ್ತದೆ. ಕೊರತೆಯೆಂದರೆ ಅಂಚು ಬೇಗ ನುಗ್ಗಾಗುತ್ತದೆ. ರೋಬೋಟಿನ ಮೈಮೇಲಿನ ಪುಟ್ಟ ಬಾಗಿಲುಗಳನ್ನು ಕಂಪ್ಯೂಟರಿನ ಚಿತ್ರದಂತೆ ಕೊಯ್ಯಿಸಲು ಲೇಸರ್ ಅಂಗಡಿಗೆ ಹೋದರೆ ವಾಪಸು ಕಳಿಸುತ್ತಾರೆ, ಅದು ನ್ಯಾಯವೇ: ಪಿವಿಸಿ ಸುಟ್ಟಾಗ ಹೊರಡುವ ಹೈಡ್ರೋಜನ್ ಕ್ಲೋರೈಡ್ ಅನಿಲ ಯಂತ್ರಕ್ಕೂ ಶ್ವಾಸಕೋಶಕ್ಕೂ ಕೆಡುಕು. ಮನೆಯ ಬಾಗಿಲಿಗೆ ಕೆತ್ತನೆ ಮಾಡುವ ಸಿಎನ್‌ಸಿ ರೂಟರಿನವರನ್ನು (ಕಂಪ್ಯೂಟರ್ ಹೇಳಿದಂತೆ ಕೊರೆಯುವ ಯಂತ್ರದವರು) ಕೇಳಿ, ಮಾಡಿಕೊಡುತ್ತಾರೆ.

ತಲೆಯ ಮಾತು ಬೇರೆ. ಹಾಳೆ ಒಂದೇ ದಿಕ್ಕಿಗೆ ಬಾಗುತ್ತದೆ, ಗುಮ್ಮಟಕ್ಕೆ ಎರಡು ದಿಕ್ಕು ಬೇಕು. ಕಂಚಗಾರ ಗಲ್ಲಿಯ ಭಾಂಡೆ ಅಂಗಡಿಗಳಲ್ಲಿ ಅಳತೆಪಟ್ಟಿ ಹಿಡಿದು ಬಾಣಲಿಗಳನ್ನು ಬೋರಲು ಹಾಕಿ ನೋಡಿದ್ದೇನೆ. ‘ಎಷ್ಟು ಮಂದಿಯ ಅಡುಗೆಗೆ ಬೇಕು ರೀ?’ ಎಂದು ಕೇಳಿದ ಹಿರಿಯರಿಗೆ ರೋಬೋಟಿನ ವಿಷಯ ವಿವರಿಸುವಷ್ಟರಲ್ಲಿ ಚಹಾ ಬಂತು. ಆದರೆ ಬಾಣಲಿಗಳ ಆಳ ಅರ್ಧಗೋಳಕ್ಕಿಂತ ಕಡಿಮೆ, ತಳವೂ ಚಪ್ಪಟೆ. ಆದ್ದರಿಂದ ತಲೆಗೆ ಮಾತ್ರ ಫೈಬರ್‌ಗ್ಲಾಸ್, ಕಣ್ಣಿಗೆ ಮುದ್ರಣ, ಉಳಿದ ಮೈಗೆಲ್ಲ ಪಿವಿಸಿ.

ಇನ್ನು ದೆವ್ವಗಳು. ರೋಬೋಟಿನ ಮೈಯಲ್ಲಿ ಒಂದು ಗೆರೆ ಸೊಟ್ಟಗಿದ್ದರೂ ಕಣ್ಣಿಗೆ ಚುಚ್ಚುತ್ತದೆ. ದೆವ್ವದ ಮುಖ ಸೊಟ್ಟಗಿದ್ದಷ್ಟೂ ಒಳ್ಳೆಯದು. ಇಲ್ಲಿ ಪ್ರಿಂಟರಿನ ನುಣುಪೇ ಶತ್ರು. ಇಲ್ಲಿ ಗೆದ್ದದ್ದು ರದ್ದಿ ಕಾಗದ. ಗದಗಿನ ಮುದ್ರಣಾಲಯಗಳಲ್ಲಿ ಕತ್ತರಿಸಿ ಉಳಿದ ಕಾಗದದ ಪಟ್ಟಿಗಳನ್ನು ಬಲ್ಲವರ ಮೂಲಕ ಚೀಲಗಟ್ಟಲೆ ತರಿಸುತ್ತೇನೆ. ಬಲೂನಿನ ಮೇಲೋ ಮಣ್ಣಿನ ಮುಖದ ಮೇಲೋ ಮೈದಾ ಅಂಟಿನಲ್ಲಿ ಪದರ ಹಚ್ಚಿ ಒಣಗಿಸಿದರೆ ಕುಗ್ಗುವಾಗ ತಾನೇ ಸುಕ್ಕುಗಟ್ಟುತ್ತದೆ. ಆ ಸುಕ್ಕನ್ನು ಕೈಯಿಂದ ಮೂಡಿಸಲು ಹೋದರೆ ಅಷ್ಟು ಚೆನ್ನಾಗಿ ಬರುವುದಿಲ್ಲ. ಹುಳ ಹಿಡಿಯದಿರಲು ಪುಸ್ತಕ ಕಟ್ಟುವವರು ಅಂಟಿಗೆ ಮೈಲುತುತ್ತು ಹಾಕುವುದುಂಟು. ಅದು ವಿಷ, ಮಕ್ಕಳು ಕೈಹಾಕುವಲ್ಲಿ ಬೇಡ. ಕೊಪ್ಪಳದ ಕಿನ್ನಾಳ ಗೊಂಬೆಯವರು ಬಳಸುವ ಹುಣಸೆ ಬೀಜದ ಅಂಟನ್ನೂ ಕಾಸಿ ನೋಡಿದೆ. ಮೈದಾಕ್ಕಿಂತ ಗಟ್ಟಿ ಹಿಡಿತ, ಆದರೆ ನೆನೆಸಿ ರುಬ್ಬಿ ಕಾಸುವ ತಾಳ್ಮೆ ಬೇಕು. ಹಿಂಗಾರಿನ ಮಳೆ ಹಿಡಿದುಕೊಂಡರೆ ಎರಡೂ ಒಣಗುವುದಿಲ್ಲ. ಆದ್ದರಿಂದ ದಸರೆ ರಜೆಯಲ್ಲೇ ಮುಗಿಸುವುದು ಕ್ಷೇಮ.

ಥರ್ಮಾಕೋಲ್ ಕೊಯ್ದಲ್ಲೆಲ್ಲ ಕಾಳು ಹಾರಿ ಮನೆ ತುಂಬುತ್ತದೆ. ಸ್ಪ್ರೇ ಬಣ್ಣ ತಾಗಿದರೆ ಕರಗಿ ಗುಳಿ ಬೀಳುತ್ತದೆ. ದೆವ್ವಗಳ ನಡುವೆ ನಿಲ್ಲಿಸುವ ಸಮಾಧಿ ಕಲ್ಲಿಗೆ ಮಾತ್ರ ಈ ದೋಷವೇ ಗುಣ: ಬೇಕೆಂದೇ ಅಲ್ಲಲ್ಲಿ ಸ್ಪ್ರೇ ಹೊಡೆದು, ತಿಂದು ಬಿಟ್ಟ ಜಾಗಕ್ಕೆ ಬೂದು ಡಿಸ್ಟೆಂಪರ್ ಬಳಿದರೆ ನೂರು ಮಳೆಗಾಲ ಕಂಡ ಕಲ್ಲು ಸಿದ್ಧ. ಈ ಕೆಲಸವನ್ನು ಬಯಲಲ್ಲೇ ಮಾಡಿ. ಹ್ಯಾಲೋವೀನಿನ ವಾಡಿಕೆಯಂತೆ ನಿಜವಾದ ಕುಂಬಳಕಾಯಿ ಕೆತ್ತುವ ಆಸೆ ನಮ್ಮ ಅಕ್ಟೋಬರಿನ ಸೆಕೆಗೆ ಆಗಿಬರುವುದಿಲ್ಲ. ಕೆತ್ತಿದ ಮೂರನೆಯ ದಿನಕ್ಕೆ ನೊಣಗಳ ಪಾಲು.

ಚಲನೆಗೆ ಗುಜರಿಯ ಕಾರಿನ ವೈಪರ್ ಮೋಟಾರ್ ಒಂದು ಕಡೆ, ಹವ್ಯಾಸಿಗಳು ಕೊಳ್ಳುವ 12 ವೋಲ್ಟಿನ ಗೇರ್ ಮೋಟಾರ್ ಇನ್ನೊಂದು ಕಡೆ. ದೆವ್ವಕ್ಕೆ ವೈಪರ್ ಮೋಟಾರಿಗೆ ಸಾಟಿಯಿಲ್ಲ. ನಿಧಾನ, ಬಲಶಾಲಿ, ತಡೆಯಿಲ್ಲದೆ ತಿರುಗುತ್ತಲೇ ಇರುತ್ತದೆ. ಹಳೆಯ ಕಂಪ್ಯೂಟರಿನ ಪವರ್ ಸಪ್ಲೈಯ ಹಳದಿ ತಂತಿಯ 12 ವೋಲ್ಟ್ ಬದಲು ಕೆಂಪು ತಂತಿಯ 5 ವೋಲ್ಟ್ ಕೊಟ್ಟರೆ ಇನ್ನೂ ನಿಧಾನ. ಮಾಡಿನಿಂದ ಅದನ್ನು ತೂಗುಹಾಕಿ, ತಿರುಗುವ ತೋಳಿನಿಂದ ದೆವ್ವದ ತಲೆಗೊಂದು, ಕೈಗಳಿಗೊಂದೊಂದು ದಾರ ಕಟ್ಟಿದರೆ ಬಿಳಿ ಸೀರೆಯ ತುಂಡು ಉಸಿರಾಡುತ್ತ ತೇಲುತ್ತದೆ. ರೋಬೋಟಿಗೆ ಅದೇ ಮೋಟಾರ್ ಕಿರಿಕಿರಿ. ಹಲವು ವೈಪರ್ ಮೋಟಾರುಗಳಲ್ಲಿ ಲೋಹದ ಕವಚವೇ ಋಣ ತುದಿ. ಹಿಂದೆ-ಮುಂದೆ ಓಡಿಸಬೇಕಾದಾಗ ಎರಡು ಕಾಲುಗಳ ಕವಚ ಒಂದಕ್ಕೊಂದು ತಾಗದಂತೆ ರಬ್ಬರ್ ಹಾಕಿ ಬೇರ್ಪಡಿಸಬೇಕು. ಜೊತೆಗೆ ಅದು ಎಳೆಯುವ ಕರೆಂಟಿಗೆ ಎಲ್ಲರೂ ಕೊಳ್ಳುವ ಎಲ್298 ಚಾಲಕ ಫಲಕ (ಮೋಟಾರನ್ನು ನಿಯಂತ್ರಿಸುವ ಸರ್ಕ್ಯೂಟ್) ತಡೆಯುವುದಿಲ್ಲ, ಅದರ ಮಿತಿ ಒಂದು ಮೋಟಾರಿಗೆ 2 ಆಂಪಿಯರ್. ಪಿವಿಸಿಯ ಹಗುರ ಮೈಗೆ ಗೇರ್ ಮೋಟಾರುಗಳೇ ಸಾಕು, ತಂತಿಯೂ ಸರಳ.

ಹೊಗೆಗೆ ಒಣ ಮಂಜುಗಡ್ಡೆಯನ್ನು ನಾನು ಒಪ್ಪುವುದಿಲ್ಲ. ಮೈನಸ್ 78 ಡಿಗ್ರಿಯ ಅದನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ, ಮುಚ್ಚಿದ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಆರ್ಕೆಸ್ಟ್ರಾದವರ ಹೊಗೆಯಂತ್ರ ಬಾಡಿಗೆಗೆ ತನ್ನಿ. ಅದರ ಬಿಸಿ ಹೊಗೆ ಮೇಲಕ್ಕೇರುತ್ತದೆ. ಐಸ್ ತುಂಬಿದ ಥರ್ಮಾಕೋಲ್ ಡಬ್ಬಿಯ ಮೂಲಕ ಹಾಯಿಸಿದರೆ ನೆಲದ ಮೇಲೆ ತೆವಳುತ್ತದೆ. ತುಳಸಿ ಲಗ್ನಕ್ಕೆ ಮುಂಚೆ ಮದುವೆಗಳಿಲ್ಲದಿರುವುದರಿಂದ ಹೆಚ್ಚಿನ ವರ್ಷ ಆಗ ಬಾಡಿಗೆ ಅಗ್ಗ. ಆದರೆ ಹ್ಯಾಲೋವೀನಿನ ಮರುದಿನ ನವೆಂಬರ್ 1, ರಾಜ್ಯೋತ್ಸವದ ವೇದಿಕೆಗೆ ಅದೇ ಯಂತ್ರ ಬೇಕು. ರಾತ್ರಿಯೇ ಟ್ಯಾಂಕ್ ಖಾಲಿ ಮಾಡಿ ಒರೆಸಿಟ್ಟಿರಬೇಕು, ಯಂತ್ರದವರು ಬೆಳಗ್ಗೆ ಏಳಕ್ಕೇ ಬರುತ್ತಾರೆ.