ಬಿಟ್ ಇದೆ, ತೂತಿಗೆ ಇಳಿಯುವುದಿಲ್ಲ: ಸೆಕ್ಯುರಿಟಿ ಬಿಟ್ ಸೆಟ್ ಜೊತೆ ಮೂರು ಮಳೆಗಾಲ

ಬಿಟ್ ಅಂದರೆ ಸ್ಕ್ರೂಡ್ರೈವರ್‌ಗೆ ಬೇಕಾದಾಗ ಸಿಕ್ಕಿಸಿ ತೆಗೆಯುವ ಬಿಡಿ ತುದಿ. ಅಂಥ ಬಿಟ್‌ಗಳ ಈ ಸೆಟ್ ತರಿಸಿ ಮೂರು ಮಳೆಗಾಲ ಕಳೆಯಿತು. 849 ರೂಪಾಯಿ ಕೊಟ್ಟಿದ್ದೆ. ತರಿಸಿದ್ದು ಒಂದೇ ಒಂದು ಸ್ಕ್ರೂಗಾಗಿ.

ಕೊಡಗಿನ ನಾಪೋಕ್ಲು ಕಡೆ ಜುಲೈ ತಿಂಗಳಲ್ಲಿ ಬಟ್ಟೆ ಬಿಸಿಲಿಗೆ ಒಣಗುವ ಮಾತೇ ಇಲ್ಲ. ಮಗಳ ಯೂನಿಫಾರ್ಮ್ ರಾತ್ರಿಯಿಡೀ ಒಲೆ ಹತ್ತಿರ ನೇತು ಹಾಕಿದರೂ ಬೆಳಿಗ್ಗೆ ತೇವವೇ. ಇಸ್ತ್ರಿ ಪೆಟ್ಟಿಗೆ ಇದ್ದರೆ ಶಾಲೆ. ಅಂಥ ದಿನಗಳಲ್ಲೇ ಅದು ಕೈಕೊಟ್ಟಿತು. ವೈರನ್ನು ಒಂದು ಕಡೆ ವಾಲಿಸಿ ಹಿಡಿದರೆ ದೀಪ ಹತ್ತುತ್ತಿತ್ತು, ಬಿಟ್ಟರೆ ಆರುತ್ತಿತ್ತು. ರಿಪೇರಿಯವರು ಮಳೆ ಸ್ವಲ್ಪ ಕಡಿಮೆಯಾಗಲಿ ಅಂದರು.

ಹಿಂದಿನ ಮುಚ್ಚಳಕ್ಕೆ ಇದ್ದದ್ದು ಒಂದು ಸ್ಕ್ರೂ. ಆರು ಮೂಲೆಯ ನಕ್ಷತ್ರ, ಅದರ ನಡುವೆ ಸಣ್ಣದೊಂದು ಮೊಳೆ. ಅಂಗಡಿಯಲ್ಲಿ ಸ್ಟಾರ್ ಸ್ಕ್ರೂಡ್ರೈವರ್ ಕೇಳಿದರೆ ಪ್ಲಸ್ ಕೊಟ್ಟರು. ನಮ್ಮಲ್ಲಿ ಪ್ಲಸ್ಸಿಗೇ ಸ್ಟಾರ್ ಅನ್ನುವುದು ಅಲ್ವಾ! ನಕ್ಷತ್ರದ್ದಕ್ಕೆ ಟಾರ್ಕ್ಸ್ ಅಂತ ಹೆಸರು. ನಡುವೆ ಮೊಳೆ ಇದ್ದರೆ ಸೆಕ್ಯುರಿಟಿ ಟಾರ್ಕ್ಸ್. ಅದನ್ನು ಬಿಚ್ಚುವ ಬಿಟ್‌ನ ತುದಿಯಲ್ಲಿ ತೂತು ಇರಬೇಕು, ಇಲ್ಲದಿದ್ದರೆ ಒಳಗೆ ಕೂರುವುದೇ ಇಲ್ಲ. ಈ ಸೆಟ್‌ನಲ್ಲಿ ತೂತು ಇರುವ ಬಿಟ್‌ಗಳೇ ಒಂದು ಸಾಲು ಇವೆ.

"ಬಿಚ್ಚುವುದೇನೋ ಬಿಚ್ಚುತ್ತೀಯ, ಕೂಡಿಸಲಿಕ್ಕೆ ಬರುತ್ತದಾ ನಿನಗೆ?" ಅಂದರು ಅವ್ವ. ಪ್ಲಗ್ ತೆಗೆದು, ಪೆಟ್ಟಿಗೆ ಪೂರ್ತಿ ತಣ್ಣಗಾದ ಮೇಲೆ ಟಿ15 ಅನ್ನುವ ಅಳತೆಯ ಟಾರ್ಕ್ಸ್ ಬಿಟ್ ಇಟ್ಟು ತಿರುಗಿಸಿದೆ. ಕಟ್ ಅಂತ ಒಂದು ಸದ್ದು, ಸ್ಕ್ರೂ ಸಡಿಲವಾಯಿತು. ಆ ಸದ್ದಿಗೆ ನನಗಾದ ಖುಷಿ ಇವತ್ತಿಗೂ ನೆನಪಿದೆ. ವೈರ್ ಮೇಲಿನ ಬಟ್ಟೆ ಹೊದಿಕೆ ಚೆನ್ನಾಗಿಯೇ ಇತ್ತು. ಆದರೆ ಪೆಟ್ಟಿಗೆಯ ಕುತ್ತಿಗೆಯಲ್ಲಿ ಅದು ಬಾಗುವ ಜಾಗದಲ್ಲಿ ತಾಮ್ರದ ಎಳೆಗಳು ಕಪ್ಪಾಗಿ ತುಂಡಾಗಿದ್ದವು. ಅಲ್ಲಿಯವರೆಗೆ ಕತ್ತರಿಸಿ, ಹೊಸ ತುದಿ ಸುಲಿದು, ಹಸಿರು ಅರ್ಥ್ ವೈರ್ ಸಮೇತ ಮೂರನ್ನೂ ಇದ್ದಲ್ಲೇ ಬಿಗಿದೆ. ಆ ಪೆಟ್ಟಿಗೆ ಈಗಲೂ ಓಡುತ್ತಿದೆ.

ಅಂದಿನಿಂದ ನನ್ನದೊಂದು ಕ್ರಮ. ಹಳೆ ಮೊಟ್ಟೆ ಟ್ರೇ ತೆಗೆದುಕೊಳ್ಳುತ್ತೇನೆ. ಮೊದಲು ಬಿಚ್ಚಿದ ಸ್ಕ್ರೂ ಮೊದಲ ಗುಳಿಗೆ, ಎರಡನೆಯದು ಎರಡನೆಯದಕ್ಕೆ. ಕೂಡಿಸುವಾಗ ಕೊನೆಯ ಗುಳಿಯಿಂದ ವಾಪಸ್ ಬಂದರೆ ಸಾಕು. ಬಿಟ್ ಆರಿಸುವಾಗ ದೊಡ್ಡದರಿಂದ ಶುರು ಮಾಡುತ್ತೇನೆ. ಟಿ15 ಅಗಲ 3.27 ಮಿ.ಮೀ., ಟಿ20 ಅಗಲ 3.86 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಟಿ20 ಸ್ಕ್ರೂಗೆ ಟಿ15 ಹಾಕಿ ಒತ್ತಿದರೆ ಸ್ಕ್ರೂ ತಲೆ ಸವೆದು ಹೋಗುತ್ತದೆ, ಆಮೇಲೆ ಯಾವ ಬಿಟ್ಟೂ ಹಿಡಿಯುವುದಿಲ್ಲ.

ಇಲ್ಲಿಯವರೆಗೆ ಬರೆದು ನಿಲ್ಲಿಸಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ. ಆದರೆ ಕಳೆದ ವರ್ಷ ನಮ್ಮ ಮಳೆಗಾಲದ ಹಬ್ಬ ಕಕ್ಕಡ 18ರ ಹಿಂದಿನ ಸಂಜೆ ಮಿಕ್ಸಿ ನಿಂತಿತು.

ಮರುದಿನ ಮದ್ದು ಸೊಪ್ಪಿನ ಪಾಯಸ. ತೆಂಗಿನಕಾಯಿ ರುಬ್ಬಿ ಹಾಲು ತೆಗೆಯಬೇಕು. ಕೆಳಗಿನ ಕೆಂಪು ಬಟನ್ ಒತ್ತಿದರೂ ಮಿಕ್ಸಿ ಅಲುಗಲಿಲ್ಲ. ಎರಡು ವಾರದಿಂದ ಕಿಡಿ ಹಾರಿ ಸುಟ್ಟ ವಾಸನೆ ಬರುತ್ತಿತ್ತು, ಹಾಗಾಗಿ ಮೋಟರ್‌ಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದೆ ಅಂತ ಅಂದಾಜಿತ್ತು. ತಳದಲ್ಲಿ ನಾಲ್ಕು ಸ್ಕ್ರೂ, ನಾಲ್ಕೂ ಬೆರಳುದ್ದ ಆಳದಲ್ಲಿ. ಮೂರು ಪ್ಲಸ್, ಅಪ್ಪನ ಕಾಲದ ಉದ್ದ ಸ್ಕ್ರೂಡ್ರೈವರ್‌ಗೆ ಬಂದವು. ನಾಲ್ಕನೆಯದು ಮೊಳೆ ಇರುವ ನಕ್ಷತ್ರ. ಅದರ ಬಿಟ್ ನನ್ನ ಹತ್ತಿರ ಇದೆ. ಆದರೆ ಬಿಟ್ ಕೂರಿಸುವ ರಾಡ್‌ನ ಬಾಯಿ 11 ಮಿ.ಮೀ. ದಪ್ಪ, ಮಿಕ್ಸಿಯ ತೂತು 9 ಮಿ.ಮೀ. ಸ್ಕೇಲ್ ಇಟ್ಟು ಅಳೆದೇ ಹೇಳುತ್ತಿದ್ದೇನೆ. ರಾಡ್ ತೂತಿನ ಬಾಯಲ್ಲೇ ನಿಂತಿತು. ಬಿಟ್ ಮಾತ್ರ ಒಳಗೆ ಇಳಿಸಿದೆ, ಸ್ಕ್ರೂ ಮೇಲೆ ಸರಿಯಾಗಿ ಕೂತಿತು. ತಿರುಗಿಸಲು ಇಕ್ಕಳದ ಮೂತಿ ಒಳಗೆ ಹೋಗಲಿಲ್ಲ. ರಾತ್ರಿ ಹತ್ತರವರೆಗೆ ಒದ್ದಾಡಿದೆ. ಬೆಳಿಗ್ಗೆ ಅವ್ವ ಅರೆಯುವ ಕಲ್ಲಿನ ಮುಂದೆ ಕೂತರು. ಅವರ ಮೊಣಕಾಲು ನೋವು ಗೊತ್ತಿದ್ದೂ ನೋಡುತ್ತಾ ನಿಲ್ಲಬೇಕಾಯಿತು. ಅದಕ್ಕೇ ನನಗೆ ಈ ಸೆಟ್ ಮೇಲೆ ಸಿಟ್ಟು. ಸೆಟ್‌ನ ಪೆಟ್ಟಿಗೆ ಮೇಲೆ ಮಿಕ್ಸಿಯ ಚಿತ್ರ ಹಾಕಿದವರು ಮಿಕ್ಸಿಯ ತೂತಿಗೆ ಇಳಿಯುವ ರಾಡ್ ಕೊಡಬೇಕಿತ್ತು.

ಮುಂದಿನ ವಾರ ಕುಶಾಲನಗರಕ್ಕೆ ಹೋದಾಗ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ತುದಿಯಲ್ಲಿ ತೂತಿರುವ ಟಿ15 ಸಿಕ್ಕಿತು. ಬಿಟ್ ಅಲ್ಲ, ಹಿಡಿಯಿಂದ ತುದಿಯವರೆಗೆ ಒಂದೇ ಸಪೂರ ಕಂಬಿ, 100 ಮಿ.ಮೀ. ಉದ್ದ. 160 ರೂಪಾಯಿ. ಮನೆಗೆ ಬಂದು ಎರಡೇ ನಿಮಿಷದಲ್ಲಿ ನಾಲ್ಕನೆಯ ಸ್ಕ್ರೂ ಹೊರಗೆ. ಒಂದು ಕಡೆಯ ಬ್ರಷ್ ಉಗುರಿನಷ್ಟೂ ಉಳಿದಿರಲಿಲ್ಲ. ಹೊಸ ಬ್ರಷ್ ಜೋಡಿ ಹಾಕಿದೆ, ಮಿಕ್ಸಿ ಓಡಿತು.

ಇನ್ನೊಂದು ತೊಂದರೆ ತುಕ್ಕು. ಸೆಟ್‌ನ ಪೆಟ್ಟಿಗೆಯೊಳಗಿನ ಸ್ಪಂಜು ನಮ್ಮ ಮಳೆಗೆ ತೇವ ಹಿಡಿದು ಕೂರುತ್ತದೆ. ಮೊದಲ ವರ್ಷವೇ ಬಿಟ್‌ಗಳ ಬುಡ ಕೆಂಪಾಯಿತು. ಸ್ಪಂಜು ಕಿತ್ತು ಬಿಸಾಡಿದೆ. ಈಗ ಜೂನ್ ಬರುವ ಮುಂಚೆ ಪ್ರತಿ ಬಿಟ್ಟಿಗೂ ಹೊಲಿಗೆ ಮಿಷನ್ ಎಣ್ಣೆ ಸವರಿ, ಹಳೆ ಪಂಚೆ ತುಂಡಿನಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಒಲೆ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿ, ಕತ್ತಿ ಜೊತೆ ಈ ಡಬ್ಬಿಗೂ ಹೂವಿಡುತ್ತೇನೆ. ಎರಡು ವರ್ಷದಿಂದ ಹೊಸ ತುಕ್ಕು ಬಂದಿಲ್ಲ.

ಬಿಟ್‌ಗಳ ಉಕ್ಕು ಗಟ್ಟಿ, ಇದುವರೆಗೆ ಒಂದೂ ಮುರಿದಿಲ್ಲ. ಸಿಟ್ಟು ಇಳಿದ ಮೇಲೆ ಯೋಚಿಸಿದರೆ ಇಸ್ತ್ರಿ ಪೆಟ್ಟಿಗೆ, ಕೆಟಲ್, ಟೇಬಲ್ ಫ್ಯಾನ್, ಮೂರನ್ನೂ ಇದರಿಂದಲೇ ಬಿಚ್ಚಿದ್ದೇನೆ. ಹಾಗಾಗಿ ಮೂರೂವರೆ ಸ್ಟಾರ್. ಮನೆಯಲ್ಲಿ ಕೆಟ್ಟಿರುವುದು ಒಂದೇ ವಸ್ತು ಆದರೆ ಸೆಟ್ ತಗೊಳ್ಳಬೇಡಿ. ಟಾರ್ಚ್ ಹಾಕಿ ಸ್ಕ್ರೂ ನೋಡಿ, ತೂತಿನ ಅಗಲ ಅಳೆಯಿರಿ, ಆ ತೂತಿಗೆ ಇಳಿಯುವ ಸಪೂರ ಸ್ಕ್ರೂಡ್ರೈವರ್ ಒಂದನ್ನೇ ತನ್ನಿ. ಮತ್ತೆ, ಬಿಟ್ ಹೊಂದುತ್ತದೆ ಅಂತ ಮೈಕ್ರೋವೇವ್ ಓವನ್ ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು. ನಮ್ಮ ಓವನ್ ಕೆಟ್ಟು ಆರು ತಿಂಗಳಾಯಿತು, ಅದನ್ನು ಗೊತ್ತಿರುವವರ ಕೈಗೇ ಕೊಡಬೇಕೆಂದು ಹಾಗೇ ಇಟ್ಟಿದ್ದೇನೆ.