ಸ್ಪ್ರಿಂಟ್ ಲೆಕ್ಕವಿಡುವ ತಂತ್ರಾಂಶ: ಆರು ತಿಂಗಳ ಬಳಕೆಯ ನಂತರ

ಕೆಲಸದ ಅಂದಾಜು, ಅದಕ್ಕೆ ತಗುಲಿದ ಶ್ರಮ ಮತ್ತು ಸ್ಪ್ರಿಂಟ್‌ನ (ನಿಗದಿತ ಅವಧಿಯ ಕೆಲಸದ ಸುತ್ತಿನ) ಕೊನೆಗೆ ನಿಜಕ್ಕೂ ಮುಗಿದದ್ದೆಷ್ಟು ಎಂಬುದನ್ನು ಒಂದೇ ಕಡೆ ನೋಡಲೆಂದು ಕೊಂಡ ಈ ತಂತ್ರಾಂಶವನ್ನು ನಮ್ಮ ತಂಡವು ಆರು ತಿಂಗಳಿಂದ, ಎರಡು ವಾರಗಳ ಸ್ಪ್ರಿಂಟ್‌ಗಳಲ್ಲಿ ಬಳಸುತ್ತಿದೆ. ಉಳಿದ ಕೆಲಸ ದಿನದಿಂದ ದಿನಕ್ಕೆ ಎಷ್ಟು ಇಳಿಯಿತೆಂದು ತೋರಿಸುವ ಇದರ ಬರ್ನ್‌ಡೌನ್ ನಕ್ಷೆಯೊಂದೇ ಕೊಟ್ಟ ಹಣಕ್ಕೆ ಸಾಕೆನ್ನಬಹುದು. ಉಳಿದ ಕೆಲಸದ ಗೆರೆ ಒಂಬತ್ತನೆಯ ದಿನದವರೆಗೆ ಮಟ್ಟಸವಾಗಿ ಸಾಗಿ ಹತ್ತನೆಯ ದಿನ ಒಮ್ಮೆಲೇ ಕುಸಿದಾಗ, ಟಿಕೆಟ್‌ಗಳೆಲ್ಲ (ದಾಖಲಿಸಿಟ್ಟ ಬಿಡಿ ಕೆಲಸಗಳು) ಪರೀಕ್ಷಕರ ಸರದಿಯಲ್ಲಿ ಕಾಯುತ್ತ ಬಿದ್ದಿದ್ದವೆಂಬುದು ಯಾರೂ ಬಾಯಿಬಿಡದೆಯೇ ಗೊತ್ತಾಯಿತು. ನಡುವೆ ತುರುಕಿದ ಕೆಲಸವನ್ನು ಬೇರೆ ಬಣ್ಣದಲ್ಲಿ ತೋರಿಸುವುದೂ ಉಪಯುಕ್ತ.

ತಕರಾರಿರುವುದು ವೆಲಾಸಿಟಿಯ ಬಗ್ಗೆ, ಅಂದರೆ ತಂಡವೊಂದು ಒಂದು ಸ್ಪ್ರಿಂಟ್‌ನಲ್ಲಿ ಮುಗಿಸಿದ ಸ್ಟೋರಿ ಪಾಯಿಂಟ್‌ಗಳ ಮೊತ್ತದ ಬಗ್ಗೆ. ಸ್ಟೋರಿ ಪಾಯಿಂಟ್, ಅಂದರೆ ಕೆಲಸದ ಗಾತ್ರವನ್ನು ಅಂದಾಜಿಸಿ ಕೊಡುವ ಅಂಕ ಎನ್ನುವುದು ಆಯಾ ತಂಡದೊಳಗಿನ ಸಾಪೇಕ್ಷ ಅಳತೆಯೇ ಹೊರತು ಗಂಟೆಗಳ ಲೆಕ್ಕವಲ್ಲ. ಒಂದು ತಂಡದ 5 ಇನ್ನೊಂದರ 5ಕ್ಕೆ ಸಮವಲ್ಲ. ಹಾಗಿದ್ದರೂ ಮುಖಪುಟದಲ್ಲಿ ತಂಡಗಳನ್ನು ವೆಲಾಸಿಟಿಯ ಶ್ರೇಯಾಂಕದ ಪ್ರಕಾರ ಸಾಲಾಗಿ ನಿಲ್ಲಿಸಲಾಗಿದೆ. ಪರಿಣಾಮವಾಗಿ, ಮೊದಲು 3 ಎನಿಸುತ್ತಿದ್ದ ಲಾಗಿನ್ ಪುಟದ ತಿದ್ದುಪಡಿಗೆ ಈಗ ಎಲ್ಲರೂ ಗಂಭೀರ ಮುಖದಿಂದ 5 ಎನ್ನುತ್ತಾರೆ. ಅರ್ಧ ಮುಗಿದು ಮುಂದಕ್ಕೆ ಹೋದ ಸ್ಟೋರಿಯ (ಹೀಗೆ ಅಂಕ ಕೊಟ್ಟ ಕೆಲಸದ) ಅಂಕಗಳೆಲ್ಲ ಮುಂದಿನ ಸ್ಪ್ರಿಂಟ್‌ಗೇ ಜಮೆಯಾಗುವುದು ನಿಯಮದಂತೆ ಸರಿಯೇ. ಆದರೆ ಹೀಗೆ ಒಂದು ಸ್ಪ್ರಿಂಟ್‌ನ ವೆಲಾಸಿಟಿ 18 ಆಗಿ ಮುಂದಿನದರಲ್ಲಿ 34 ಬಂದಾಗ, ಸರಾಸರಿಯ ಗೆರೆಯನ್ನೂ ಜೊತೆಗೆ ಎಳೆದು ತೋರಿಸಬೇಕಿತ್ತು.

ಇನ್ನೊಂದು ಮಾತು: ಸ್ಕ್ರಮ್‌ನ (ಸ್ಪ್ರಿಂಟ್‌ಗಳಾಗಿ ಕೆಲಸ ಮಾಡುವ ವಿಧಾನದ) ಅಧಿಕೃತ ಕೈಪಿಡಿಯು ಸ್ಪ್ರಿಂಟ್‌ನ ಕೆಲಸವನ್ನು ಕುರಿತು ‘ಬದ್ಧತೆ’ ಎನ್ನುವುದನ್ನು ಬಿಟ್ಟು ‘ಮುನ್ನಂದಾಜು’ ಎನ್ನತೊಡಗಿದ್ದು 2011ರಲ್ಲಿ. ಈ ತಂತ್ರಾಂಶದ ವರದಿಯಲ್ಲಿ ಮಾತ್ರ ‘ಈಡೇರದ ಬದ್ಧತೆ’ ಎಂಬ ಕೆಂಪಕ್ಷರ ಇಂದಿಗೂ ಉಳಿದಿದೆ, ಅದನ್ನು ಬದಲಿಸಲು ಸೆಟ್ಟಿಂಗ್ಸ್‌ನಲ್ಲಿ ಅವಕಾಶವಿಲ್ಲ.