ಜರ್ಮನ್ ಸರ್‌ನೇಮ್‌ಗಳ ಮೂಲ ತಿಳಿಯಲು ಡಿಎಫ್‌ಡಿ: ‘ತ್ಸೀಗ್ಲರ್’ ಹೆಸರಿಟ್ಟು ನೋಡಿದಾಗ

ತ್ಸೀಗ್ಲರ್ ಅಂದರೆ ಇಟ್ಟಿಗೆ, ಹೆಂಚು ಸುಡುವವನು ಎಂದು ಮಾಲೂರಿನ ಯಾರಿಗಾದರೂ ಹೇಳಿ ನೋಡಿ. ‘ಹಾಗಾದರೆ ನಮ್ಮೂರಲ್ಲಿ ಅರ್ಧ ಜನ ತ್ಸೀಗ್ಲರ್‌ಗಳೇ’ ಅನ್ನುತ್ತಾರೆ. ಇಷ್ಟು ಅರ್ಥ ಯಾವ ಸೈಟಿನಲ್ಲಾದರೂ ಒಂದು ಸಾಲಿನಲ್ಲಿ ಸಿಗುತ್ತದೆ. ಹೆಸರು ಯಾವ ಸೀಮೆಯದು, ಎಷ್ಟು ಮನೆಗಳಿಗಿದೆ, ಇನ್ನೊಂದು ಅರ್ಥಕ್ಕೂ ಜಾಗ ಇದೆಯೇ, ಅದೇ ಕಸುಬಿಗೆ ಪಕ್ಕದ ಸೀಮೆಯಲ್ಲಿ ಏನು ಹೆಸರು ಎಂಬ ಪ್ರಶ್ನೆಗಳಿಗೆ ಮಾತ್ರ ಬಹುಪಾಲು ಸೈಟುಗಳು ಕೈಚೆಲ್ಲುತ್ತವೆ. ಅವಕ್ಕೆ ನೆಚ್ಚಬಹುದಾದ ಉತ್ತರ ಕೊಡುವುದು ಜರ್ಮನಿಯ ಡಿಜಿಟಲ್ ಮನೆಹೆಸರು ನಿಘಂಟು. ಜರ್ಮನ್ ಭಾಷೆಯಲ್ಲಿ ಅದರ ಹೆಸರು ಉದ್ದುದ್ದ ಇದೆ, ಎಲ್ಲರೂ ಡಿಎಫ್‌ಡಿ ಅನ್ನುತ್ತಾರೆ. ಈ ವಿಮರ್ಶೆ ಅದರದ್ದು.

ಕೋಲಾರದಲ್ಲಿ ಇದು ಯಾರಿಗೆ ಬೇಕು? ನರ್ಸಿಂಗ್ ಮುಗಿಸಿ ಜರ್ಮನ್ ಭಾಷೆಯ ಬಿ2 ಹಂತದ ಪರೀಕ್ಷೆಗೆ ಕೂತಿರುವವರಿಗೆ ಬೇಕು; ವಾರ್ಡಿನಲ್ಲಿ, ಬಾಡಿಗೆ ಮನೆಯಲ್ಲಿ ದಿನವೂ ಎದುರಾಗುವ ಹೆಸರುಗಳ ಒಳಗೆ ಏನಿದೆ ಎಂದು ಗೊತ್ತಿದ್ದರೆ ಅವು ಬೇಗ ನೆನಪಿನಲ್ಲಿ ಕೂರುತ್ತವೆ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಲ್ಲಿ ಜರ್ಮನ್ನರ ಜೊತೆ ಮೇಲ್ ವ್ಯವಹಾರ ಇರುವವರಿಗೂ ಅಷ್ಟೇ. ಜರ್ಮನ್ ಮಾತಾಡುವ ಪಾದ್ರಿಗಳನ್ನು ನಮ್ಮ ನಾಡಿಗೆ ಕಳಿಸಿದ ಬಾಸೆಲ್ ಮಿಷನ್ನಿನ ಹಳೆಯ ಕನ್ನಡ ಕೆಲಸಗಳ ಬೆನ್ನು ಹತ್ತಿರುವವರಿಗೆ ಇನ್ನೂ ಹೆಚ್ಚು ಉಪಯೋಗ.

ಇದನ್ನು ನಡೆಸುತ್ತಿರುವುದು ಮೈನ್ತ್ಸ್ ನಗರದ ವಿಜ್ಞಾನ ಮತ್ತು ಸಾಹಿತ್ಯ ಅಕಾಡೆಮಿ, ಡಾರ್ಮ್‌ಷ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯದ ಜೊತೆಗೂಡಿ. ಕೆಲಸ ಶುರುವಾಗಿದ್ದು 2012ರಲ್ಲಿ, ಇನ್ನೂ ನಡೆಯುತ್ತಲೇ ಇದೆ. ಬಳಕೆ ಉಚಿತ. ಲೆಕ್ಕದ ಬುನಾದಿ 2005ರ ಜರ್ಮನ್ ಸ್ಥಿರ ದೂರವಾಣಿ ದತ್ತಾಂಶ: ಸುಮಾರು 2.8 ಕೋಟಿ ಖಾಸಗಿ ಸಂಪರ್ಕ, ಅವುಗಳಲ್ಲಿ ಎಂಟು ಲಕ್ಷಕ್ಕೂ ಮೀರಿದ ಬೇರೆಬೇರೆ ಹೆಸರು. ಇಪ್ಪತ್ತು ವರ್ಷ ಹಳೆಯ ಫೋನ್ ಪಟ್ಟಿ ಏಕೆ ಎಂದು ಮೂಗು ಮುರಿಯಬೇಡಿ. ಆ ಹೊತ್ತಿಗೆ ಮನೆಮನೆಗೂ ಲ್ಯಾಂಡ್‌ಲೈನ್ ಇತ್ತು. ಆಮೇಲೆ ಮೊಬೈಲ್ ಬಂದು ಫೋನ್ ಪುಸ್ತಕವೇ ಸೊರಗಿತು. ಹಾಗಾಗಿ ಹೊಸ ಪಟ್ಟಿಗಿಂತ ಈ ಹಳೆಯ ಪಟ್ಟಿಯೇ ಹೆಚ್ಚು ತುಂಬಿಕೊಂಡಿದೆ.

ಬಳಸುವ ಕ್ರಮದಲ್ಲಿ ಮೊದಲ ಎಡವು ಹೆಸರು ಟೈಪ್ ಮಾಡುವಲ್ಲೇ ಆಗುತ್ತದೆ. ಎ, ಓ, ಯು ಮೇಲೆ ಎರಡು ಚುಕ್ಕೆ ಇರುವ ಅಕ್ಷರಗಳು ಜರ್ಮನ್‌ನಲ್ಲಿ ಬೇರೆಯೇ ಅಕ್ಷರಗಳು. ಪಾಸ್‌ಪೋರ್ಟ್ ಬರವಣಿಗೆಯಲ್ಲಿ ಚುಕ್ಕೆ ಬಿಟ್ಟು ಪಕ್ಕಕ್ಕೆ ಒಂದು ಇ ಸೇರಿಸುತ್ತಾರೆ. ಇಂಗ್ಲಿಷ್ ಪುಸ್ತಕಗಳು ಚುಕ್ಕೆಯನ್ನೇ ನುಂಗಿಬಿಡುತ್ತವೆ. ಬಾಸೆಲ್ ಮಿಷನ್ನಿನ ಪಾದ್ರಿಯೊಬ್ಬರದ್ದು, ನಮ್ಮಲ್ಲಿ ‘ಮೊಗ್ಲಿಂಗ್’ ಎಂದು ಓದುವ ಹೆಸರಿನ ಓ ಮೇಲೆ ಎರಡು ಚುಕ್ಕೆ ಇದೆ, ಉಚ್ಚಾರ ‘ಮ್ಯೋಗ್ಲಿಂಗ್’ಗೆ ಹತ್ತಿರ. ಚುಕ್ಕೆ ಬಿಟ್ಟು ಹುಡುಕಿ ಏನೂ ಸಿಗದಿದ್ದರೆ ಹೆಸರೇ ಇಲ್ಲ ಎಂದು ಕೈಬಿಡಬೇಡಿ. ಫೋನಿನ ಕೀಬೋರ್ಡಿನಲ್ಲಿ ಆ ಅಕ್ಷರವನ್ನು ಒತ್ತಿ ಹಿಡಿದರೆ ಚುಕ್ಕೆಯ ರೂಪ ಮೇಲೆ ಬರುತ್ತದೆ. ವಿಂಡೋಸ್ ಕಂಪ್ಯೂಟರ್‌ನಲ್ಲಿ ಆಲ್ಟ್ ಒತ್ತಿ ಹಿಡಿದು ಬಲಗಡೆಯ ಅಂಕಿ ಕೀಲಿಗಳಲ್ಲಿ 0228 ಹೊಡೆದರೆ ಚುಕ್ಕೆಯ ಎ, 0246ಕ್ಕೆ ಓ, 0252ಕ್ಕೆ ಯು, 0223ಕ್ಕೆ ಬಿ ಥರ ಕಾಣುವ ‘ಎಸ್‌ಸೆಟ್’. ಆ ಕೊನೆಯದು ಬಿ ಅಲ್ಲ, ಎರಡು ಎಸ್‌ಗೆ ಸಮ. ಷುಲ್ಟ್‌ಹೈಸ್ ಎಂಬ ಹೆಸರಿನ ಕೊನೆಗೆ ಬಿ ಹಾಕಿ ಹುಡುಕಿದರೆ ನಿಘಂಟು ಬಾಯಿ ಬಿಡುವುದಿಲ್ಲ.

ಎರಡನೆಯ ತೊಡಕು ಭಾಷೆ. ನಮೂದುಗಳೆಲ್ಲ ಜರ್ಮನ್‌ನಲ್ಲಿವೆ. ಬ್ರೌಸರಿನ ಅನುವಾದ ಹಾಕಿಕೊಳ್ಳಬಹುದು, ಆದರೆ ಅದು ಹೆಸರನ್ನೂ ಬಿಡದೆ ಅನುವಾದಿಸಿಬಿಡುವ ಅಪಾಯ ಇದೆ: ಷ್ನೈಡರ್ ಹೋಗಿ ದರ್ಜಿ, ವೇಬರ್ ಹೋಗಿ ನೇಕಾರ. ಮೊದಲು ಮೂಲ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟು ಆಮೇಲೆ ಅನುವಾದ ಒತ್ತಿ. ಮೂರಕ್ಷರದ ಸಂಕ್ಷೇಪಗಳು ಅನುವಾದದಲ್ಲೂ ಹಾಗೇ ಉಳಿಯುತ್ತವೆ. ಅವನ್ನು ಉರು ಹೊಡೆದರೆ ಅರ್ಧ ಕೆಲಸ ಮುಗಿದಂತೆ. ‘ಎ ಎಚ್ ಡಿ’ ಅಂದರೆ ಹಳೆಯ ಮೇಲ್‌ಜರ್ಮನ್ (ದಕ್ಷಿಣ, ನಡುಸೀಮೆಯ ಜರ್ಮನ್), ಸುಮಾರು 750ರಿಂದ 1050ರ ಭಾಷೆ. ‘ಎಂ ಎಚ್ ಡಿ’ ನಡು ಮೇಲ್‌ಜರ್ಮನ್, ಸುಮಾರು 1050ರಿಂದ 1350. ‘ಎಂ ಎನ್ ಡಿ’ ಅದೇ ನಡುಗಾಲದ ಉತ್ತರದ ಕೆಳಜರ್ಮನ್. ಈ ಮೂರನೆಯದನ್ನು ಎರಡನೆಯದರ ಜೊತೆ ಕಲಸಿಕೊಂಡರೆ ಹೆಸರಿನ ಸೀಮೆಯೇ ತಪ್ಪುತ್ತದೆ.

ನಮೂದಿನಲ್ಲಿ ಮೊದಲು ಹೆಸರು ಎಷ್ಟು ಸಂಪರ್ಕಗಳಿಗಿತ್ತು ಎಂಬ ಅಂಕಿ ಇರುತ್ತದೆ. ಇದು ಜನಸಂಖ್ಯೆ ಅಲ್ಲ, ಫೋನ್ ಸಂಪರ್ಕ. ಒಂದು ಸಂಪರ್ಕದ ಹಿಂದೆ ಒಂದು ಮನೆ ಇರುವುದರಿಂದ ಎರಡೂವರೆಯಿಂದ ಮೂರರ ನಡುವೆ ಗುಣಿಸಿದರೆ ಜನರ ಅಂದಾಜು ಸಿಗುತ್ತದೆ. ದೇಶದಲ್ಲೇ ಅತಿ ಹೆಚ್ಚಿರುವ ಮ್ಯುಲ್ಲರ್, ಅಂದರೆ ಗಿರಣಿಯವನು, ನೂರು ಮನೆಗೆ ಹತ್ತಿರ ಹತ್ತಿರ ಒಂದು. ತ್ಸೀಗ್ಲರ್ ಅಷ್ಟಿಲ್ಲ, ಆದರೆ ಮೊದಲ ನೂರು ಹೆಸರುಗಳ ಒಳಗೆ ಬರುತ್ತದೆ.

ಆಮೇಲೆ ಅರ್ಥದ ಭಾಗ. ಜರ್ಮನ್ ಮನೆಹೆಸರುಗಳನ್ನು ಐದು ಕಂತೆ ಮಾಡುತ್ತಾರೆ: ಅಪ್ಪನ ಅಥವಾ ಹಿರಿಯನ ಹೆಸರಿನಿಂದ ಬಂದದ್ದು, ಬಂದ ಊರಿನಿಂದ, ಮನೆ ಇದ್ದ ಜಾಗದಿಂದ (ಬೆಟ್ಟದ ಬದಿ, ಹೊಳೆ ದಂಡೆ), ಕಸುಬಿನಿಂದ, ಮೈಕಟ್ಟು ಅಥವಾ ಗುಣ ನೋಡಿ ಕರೆದದ್ದು. ಯುದ್ಧಾನಂತರದ ಮೊದಲ ಚಾನ್ಸೆಲರ್ ಆಡೆನೌವರ್ ಅವರ ಹೆಸರು ಎರಡನೆಯ ಕಂತೆ, ಆಡೆನೌ ಎಂಬ ಊರಿನಿಂದ ಬಂದದ್ದು. ನಮ್ಮ ಕಡೆ ಇನಿಷಿಯಲ್ಲಿನಲ್ಲಿ ಮುಳಬಾಗಿಲು, ಬೇತಮಂಗಲ ಕೂತಿರುವ ಲೆಕ್ಕವೇ, ಆದರೆ ನಮ್ಮದು ತಲೆಮಾರಿಗೆ ಬದಲಾಗಬಹುದು. ಅವರದ್ದು 12ನೇ ಶತಮಾನದಿಂದಾಚೆಗೆ ದಕ್ಷಿಣ, ಪಶ್ಚಿಮದ ಪಟ್ಟಣಗಳಲ್ಲಿ ಮೊದಲಾಗಿ ನಿಧಾನಕ್ಕೆ ಎಲ್ಲ ಕಡೆ ವಂಶಪಾರಂಪರ್ಯವಾಗಿ ಗಟ್ಟಿಯಾಯಿತು. ತೆಲುಗು ಮನೆಮಾತಿನವರ ಇಂಟಿ ಪೇರು ಇದಕ್ಕೆ ಹೆಚ್ಚು ಹತ್ತಿರ.

ಡಿಎಫ್‌ಡಿಯ ನಿಜವಾದ ಹೆಚ್ಚುಗಾರಿಕೆ ಇಲ್ಲಿದೆ. ಒಂದು ಹೆಸರಿಗೆ ಎರಡು ಮೂಲ ಇದ್ದರೆ ಒಂದನ್ನು ಆರಿಸಿ ಇನ್ನೊಂದನ್ನು ಮುಚ್ಚಿಡದೆ ಎರಡನ್ನೂ ನಂಬರ್ ಹಾಕಿ ಬರೆಯುತ್ತದೆ. ಷ್ರ್ಯೋಡರ್ ತಗೊಳ್ಳಿ: ಉತ್ತರದಲ್ಲಿ ಅದು ಬಟ್ಟೆ ಕತ್ತರಿಸುವ ದರ್ಜಿ, ದ್ರಾಕ್ಷಾರಸದ ಸೀಮೆಗಳಲ್ಲಿ ಪೀಪಾಯಿ ಉರುಳಿಸಿ ಗಾಡಿಗೇರಿಸುವವನೂ ಆಗಬಹುದು. ನಿಮ್ಮ ಪರಿಚಯದ ಷ್ರ್ಯೋಡರ್ ಯಾವುದು ಎಂಬುದನ್ನು ಅವರ ಹಿರಿಯರ ಊರು ತೀರ್ಮಾನಿಸಬೇಕು, ನಿಘಂಟು ಅಲ್ಲ.

ಈಗ ತ್ಸೀಗ್ಲರ್. ಬೇರು ಲ್ಯಾಟಿನ್‌ನ ‘ತೇಗುಲ’, ಅಂದರೆ ಹೆಂಚು. ರೋಮನ್ನರು ಹೆಂಚಿನ ಸೂರು ತಂದರು, ಮಾತೂ ಅದರ ಜೊತೆ ಬಂತು. ದಕ್ಷಿಣದ ಜರ್ಮನ್‌ನಲ್ಲಿ ಪದದ ಮೊದಲ ‘ತ’ ಕ್ರಮೇಣ ‘ತ್ಸ’ ಆಯಿತು, ಹೀಗೆ ತೇಗುಲದಿಂದ ‘ತ್ಸೀಗಲ್’, ಅದನ್ನು ಸುಡುವವನು ತ್ಸೀಗ್ಲರ್. ಉತ್ತರದ ಕೆಳಜರ್ಮನ್‌ನಲ್ಲಿ ಆ ಪಲ್ಲಟ ಆಗಲೇ ಇಲ್ಲ. ಅಲ್ಲಿ ‘ತೇಗಲ್’, ಕಸುಬಿನವನು ‘ತೇಗೆಲರ್’. ಇಂಗ್ಲಿಷಿನ ಟೈಲ್ ಕೂಡ ಇದೇ ತೇಗುಲದ ಮೊಮ್ಮಗ. ಮಜಾ ಏನೆಂದರೆ ಇಟ್ಟಿಗೆಯ ದೊಡ್ಡ ಕಟ್ಟಡಗಳು ಇರುವುದು ಉತ್ತರದಲ್ಲಿ. ಕಟ್ಟುವ ಕಲ್ಲು ಕಡಿಮೆ ಇರುವ ಆ ಬಯಲಿನಲ್ಲಿ, ಲ್ಯೂಬೆಕ್‌ನಂಥ ಬಂದರು ಊರುಗಳಲ್ಲಿ, ಎತ್ತರದ ಚರ್ಚುಗಳೂ ಕೆಂಪಿಟ್ಟಿಗೆಯವೇ. ತ್ಸೀಗ್ಲರ್ ಹೆಸರು ದಟ್ಟವಾಗಿರುವುದು ಮಾತ್ರ ದಕ್ಷಿಣದ ಬಾಡನ್-ವ್ಯುರ್ಟೆಂಬರ್ಗ್, ಬವೇರಿಯಾ ಕಡೆ. ಉತ್ತರದಲ್ಲಿ ಇಟ್ಟಿಗೆ ಸುಡುವವರು ಇರಲಿಲ್ಲ ಎಂದು ಇದರಿಂದ ತಿಳಿಯಬಾರದು, ಅಲ್ಲಿ ಅವರ ಹೆಸರು ಬೇರೆ ರೂಪದಲ್ಲಿತ್ತು. ನಮೂದಿನ ಜೊತೆಗಿರುವ ನಕ್ಷೆ ತೋರಿಸುವುದು ಕಸುಬಿನ ಹರಡುವಿಕೆಯನ್ನಲ್ಲ, ಪದದ ಹರಡುವಿಕೆಯನ್ನು. ಒಂದೇ ಹೆಸರು ಹಾಕಿ ನಕ್ಷೆ ನೋಡಿ ಮುಗಿಸುವವರು ಎಡವುವುದು ಇಲ್ಲೇ. ಅದೇ ಅರ್ಥದ ಇನ್ನೊಂದು ರೂಪವನ್ನೂ ಹಾಕಿ ಎರಡು ನಕ್ಷೆ ಪಕ್ಕಪಕ್ಕ ಇಡಬೇಕು. ಗಾಡಿ ಮಾಡುವ ಬಡಗಿಗೆ ದಕ್ಷಿಣ ಮತ್ತು ನಡುಸೀಮೆಯಲ್ಲಿ ವಾಗ್ನರ್, ವಾಯವ್ಯದಲ್ಲಿ ರಾಡೆಮಾಖರ್, ಈಶಾನ್ಯದಲ್ಲಿ ಷ್ಟೆಲ್‌ಮಾಖರ್. ಮೂರೂ ನಕ್ಷೆ ಸೇರಿಸಿದರೆ ಹೆಚ್ಚುಕಡಿಮೆ ಇಡೀ ದೇಶ ತುಂಬುತ್ತದೆ.

ಕಾಗುಣಿತದ ಸಣ್ಣ ವ್ಯತ್ಯಾಸವೂ ಹೀಗೇ ಊರು ಹೇಳುತ್ತದೆ. ಕಮ್ಮಾರ ಎಂಬ ಅರ್ಥದ ‘ಷ್ಮಿಟ್’ ಹೆಸರಿನ ಕೊನೆಗೆ ಡಿ ಮತ್ತು ಟಿ ಎರಡೂ ಇದ್ದರೆ ಎಲ್ಲಿಯದೂ ಆಗಬಹುದು. ಬರೀ ಡಿ ಇದ್ದರೆ ತೆಂಕಣ, ‘ಷ್ಮಿಟ್ಸ್’ ಆದರೆ ಕೊಲೋನ್ ಸುತ್ತಿನ ರೈನ್‌ಲ್ಯಾಂಡ್. ಆದ್ದರಿಂದ ಮೇಲ್‌ನಲ್ಲಿ ಬಂದ ಹೆಸರನ್ನು ನೋಡಿ ನಕಲಿಸಿ ಅಂಟಿಸಿ, ಕಿವಿಗೆ ಕೇಳಿದಂತೆ ಟೈಪ್ ಮಾಡಬೇಡಿ. ಹಳೆಯ ದಾಖಲೆಯ ಹೆಸರಾದರೆ ಎಲ್ಲ ರೂಪಗಳನ್ನೂ ಹಾಕಿ ನೋಡಬೇಕು: ಜರ್ಮನ್ ಸಾಮ್ರಾಜ್ಯದಾದ್ಯಂತ ಸರ್ಕಾರಿ ಜನನ-ಮರಣ ನೋಂದಣಿ ಬಂದದ್ದು 1876ರಲ್ಲಿ. ಅದಕ್ಕೂ ಹಿಂದಿನ ಚರ್ಚ್ ದಾಖಲೆಯಲ್ಲಿ ಪಾದ್ರಿಗೆ ಕೇಳಿಸಿದ್ದೇ ಕಾಗುಣಿತ.

ನಕ್ಷೆಗೆ ಜೊತೆಯಾಗಿ ಜಿಯೋಜೆನ್ ಎಂಬ ಇನ್ನೊಂದು ಉಚಿತ ಸೌಲಭ್ಯ ಇದೆ. ಅರ್ಥ ಹೇಳುವುದಿಲ್ಲ, ಜಿಲ್ಲಾವಾರು ಬಣ್ಣ ಹಚ್ಚುತ್ತದೆ. ಅದರಲ್ಲಿ ಒಟ್ಟು ಸಂಖ್ಯೆ, ಜನಸಂಖ್ಯೆಗೆ ತಕ್ಕ ಪ್ರಮಾಣ ಎಂದು ಎರಡು ನೋಟ ಉಂಟು. ಮೂಲ ಹುಡುಕುವವರು ಎರಡನೆಯದನ್ನೇ ನೋಡಬೇಕು. ಒಟ್ಟು ಸಂಖ್ಯೆಯಲ್ಲಿ ಹೆಚ್ಚಿನ ಹೆಸರುಗಳಿಗೆ ಬರ್ಲಿನ್, ಹ್ಯಾಂಬರ್ಗ್, ಮ್ಯೂನಿಕ್ ಕಡುಬಣ್ಣದಲ್ಲಿ ಹೊಳೆಯುತ್ತವೆ. ಕೋಲಾರದ ಮನೆತನಗಳನ್ನು ಎಣಿಸಿದರೂ ಬೆಂಗಳೂರೇ ಮೇಲೆ ಬರಬಹುದು, ಹಾಗೆಂದು ಅವು ಬೆಂಗಳೂರಿನವಾಗುವುದಿಲ್ಲ.

ಎರಡೂ ನಕ್ಷೆಗಳಿಗೆ ಒಂದು ಮಿತಿ ಇದೆ, ಅದು ಇತಿಹಾಸದ್ದು. ಎರಡನೇ ಮಹಾಯುದ್ಧದ ಕೊನೆಗೆ ಮತ್ತು ಆಮೇಲೆ ಸೈಲೀಸಿಯಾ, ಪೊಮೆರೇನಿಯಾ, ಪೂರ್ವ ಪ್ರಷ್ಯಾ ಮುಂತಾದ ಕಡೆಗಳಿಂದ ಕೋಟಿಗೂ ಮೀರಿದ ಜರ್ಮನ್ನರು ಪಶ್ಚಿಮಕ್ಕೆ ಬರಬೇಕಾಯಿತು. ಅವರ ಹೆಸರುಗಳ ತವರು ಹೆಚ್ಚಾಗಿ ಇಂದಿನ ಪೋಲೆಂಡ್‌ನಲ್ಲಿದೆ, ಅಂದರೆ ನಕ್ಷೆಯ ಆಚೆ. ಷೋಲ್ಟ್ಸ್ ಹೆಸರು ದೇಶದ ತುಂಬ ಚೆದುರಿರುವುದರಲ್ಲಿ ಇದರ ಪಾಲು ದೊಡ್ಡದು; ಅದು ಸೈಲೀಸಿಯಾದ ರೂಪ. ಷುಲ್ಟ್ಸ್, ಷುಲ್ಟ, ಷುಲ್ಟ್‌ಹೈಸ್ ಎಲ್ಲ ಒಂದೇ ಬಳ್ಳಿ, ಕೊಡಬೇಕಾದ್ದನ್ನು ಕೊಡಿ ಎಂದು ಹೇಳುವ ಊರ ಅಧಿಕಾರಿ. ನಮ್ಮ ಪಟೇಲ ಇದ್ದ ಹಾಗೆ.

ಇನ್ನು ಅರ್ಥ ಸಿಕ್ಕ ಕೂಡಲೇ ಅದನ್ನು ವ್ಯಕ್ತಿಗೆ ಅಂಟಿಸುವ ಚಟ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ತೆರೆದವರು ಪ್ಲೆಬ್ಸ್ಟ್. ಅದೇ ಮಿಷನ್ನಿನಲ್ಲಿ ಧಾರವಾಡದಲ್ಲಿ ಕನ್ನಡದ ಕೆಲಸ ಮಾಡುತ್ತಿದ್ದವರು ತ್ಸೀಗ್ಲರ್. ಹೆಂಚಿನ ಹೆಸರಿನವರು ಪಾಠ ಹೇಳಿದರು, ಹೆಸರಿನಲ್ಲಿ ಹೆಂಚಿಲ್ಲದವರು ಹೆಂಚು ಸುಟ್ಟರು! ನಿಘಂಟುಕಾರ ಕಿಟ್ಟೆಲ್ ಹೆಸರಿನ ಅರ್ಥ ಮೇಲಂಗಿ. ಅದನ್ನು ಹೊಲಿಯುತ್ತಿದ್ದ ಅಥವಾ ತೊಡುತ್ತಿದ್ದ ಯಾವನೋ ಪೂರ್ವಜನಿಗೆ ಅಂಟಿದ್ದು. 1894ರಲ್ಲಿ ಹೊರಬಂದ ಕನ್ನಡ ನಿಘಂಟಿಗೂ ಅದಕ್ಕೂ ಸಂಬಂಧ ಇಲ್ಲ.

ಇದೇ ಚಟದ ಮೇಲೆ ವ್ಯಾಪಾರ ನಡೆಸುವವರೂ ಇದ್ದಾರೆ. ಹಳೆಯ ಕಾಗದದ ಬಣ್ಣದ ಹಾಳೆಯಲ್ಲಿ ಹೆಸರು, ನಾಲ್ಕು ಸಾಲು ‘ಇತಿಹಾಸ’, ಮೇಲೊಂದು ಸಿಂಹವೋ ಹದ್ದೋ ಇರುವ ಲಾಂಛನ, ಚೌಕಟ್ಟು ಹಾಕಿ ಮನೆಗೆ ಕೊರಿಯರ್. ಜರ್ಮನ್ ಸಹೋದ್ಯೋಗಿಗೆ ಉಡುಗೊರೆ ಕೊಡೋಣ ಎಂದು ಆರ್ಡರ್ ಮಾಡುವ ಮುನ್ನ ತಿಳಿದಿರಲಿ: ಲಾಂಛನ ಸೇರುವುದು ಅದನ್ನು ಮೊದಲು ಧರಿಸಿದವನ ವಂಶಕ್ಕೆ, ಹೆಸರಿಗಲ್ಲ. ಇಬ್ಬರು ತ್ಸೀಗ್ಲರ್‌ಗಳಿಗೆ ರಕ್ತಸಂಬಂಧವೇ ಇಲ್ಲದಿರಬಹುದು, ಏಕೆಂದರೆ ಇಟ್ಟಿಗೆ ಗೂಡು ಇದ್ದ ಊರಿಗೊಬ್ಬ ತ್ಸೀಗ್ಲರ್ ಇದ್ದ. ಯಾರದೋ ಮನೆತನದ ಲಾಂಛನವನ್ನು ಇನ್ಯಾರದೋ ಗೋಡೆಗೆ ಹಾಕಿದ ಹಾಗಾಗುತ್ತದೆ. ದುಡ್ಡು ದಂಡ. ಎರಡು ನಕ್ಷೆಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ತೆಗೆದು ಫ್ರೇಮ್ ಹಾಕಿಸಿದರೆ ಅದಕ್ಕಿಂತ ಮರ್ಯಾದೆ.

ಡಿಎಫ್‌ಡಿಗೆ ಐದಕ್ಕೆ ನಾಲ್ಕು ಕೊಡಬಹುದು. ಒಂದು ಕಳೆದದ್ದು ಎರಡು ಕಾರಣಕ್ಕೆ. ಹೊಸಬರಿಗೆ ಜರ್ಮನ್ ಪರಿಭಾಷೆ ದಾಟುವುದು ಕಷ್ಟ. ಎ2 ಮುಗಿಸಿದವರಾದರೆ ನಿಘಂಟು ಪಕ್ಕಕ್ಕಿಟ್ಟುಕೊಂಡು ಓದಬಹುದು. ಇನ್ನೊಂದು, ಕೆಲಸ ಮುಗಿದಿಲ್ಲವಾದ್ದರಿಂದ ಎಷ್ಟೋ ಹೆಸರುಗಳಿಗೆ ವಿವರಣೆ ಇನ್ನೂ ಬಂದಿಲ್ಲ, ಹತ್ತು ಸಂಪರ್ಕಕ್ಕಿಂತ ಕಡಿಮೆ ಇರುವ ಅಪರೂಪದ ಹೆಸರುಗಳು ಯೋಜನೆಯ ಹೊರಗೇ ಇವೆ. ಅಂಥ ಹೆಸರು ಎದುರಾದರೆ ತುಂಡು ಮಾಡಿ ನೋಡಿ: ಕೊನೆಯ ‘ಮಾನ್’, ‘ಮಾಯರ್’, ‘ಬಾಖ್’, ‘ಹೋಫರ್’ ಬಿಟ್ಟು ಮುಂದಿನ ಭಾಗದ ನಮೂದು ಹುಡುಕಿದರೆ ದಾರಿ ಸಿಗುವುದುಂಟು. ಸ್ವಿಸ್ ಮನೆತನದ ಹೆಸರಾದರೆ ಜರ್ಮನ್ ನಕ್ಷೆಯಲ್ಲಿ ತಡಕಾಡಬೇಡಿ. ಯಾವ ಹೆಸರು ಯಾವ ಊರಿನ ನಾಗರಿಕ ಪಟ್ಟಿಯಲ್ಲಿದೆ ಎಂದು ಹೇಳುವ ಸ್ವಿಟ್ಜರ್ಲೆಂಡ್‌ನ ಮನೆಹೆಸರು ಪಟ್ಟಿ ಬೇರೆಯೇ ಇದೆ, ಅದೂ ಆನ್‌ಲೈನ್‌ನಲ್ಲಿ ಉಚಿತ.